ಉಬ್ಬು ದಾಟಿದ ಮೇಲೂ ನಿಲ್ಲದ ಕುಣಿತ

ಪೀಣ್ಯದ ಒಳರಸ್ತೆಯಲ್ಲಿ ಒಂದು ಉಬ್ಬು ಬಂತೆಂದರೆ ನಮ್ಮ ಹಳೆಯ ಕ್ವಾಲಿಸ್ ಒಳಗೆ ಎರಡು ಸದ್ದು ಕೇಳುತ್ತಿತ್ತು: ಮಕ್ಕಳ ‘ಹೋ!’ ಮತ್ತು ಅಜ್ಜಿಯ ‘ಅಯ್ಯೋ ರಾಮಾ!’. ಮುಂದೆ ಕೂತವರಿಗೆ ಒಂದೇ ಏಟು. ಕಡೆಯ ಸೀಟಿನವರು ಮಾತ್ರ ಉಬ್ಬು ದಾಟಿದ ಮೇಲೂ ಮೂರ್ನಾಲ್ಕು ಸಲ ಮೇಲೆ ಕೆಳಗೆ ಹಾರುತ್ತಿದ್ದರು. ಮಕ್ಕಳಿಗೆ ಅದು ಜಾತ್ರೆಯ ತೊಟ್ಟಿಲು, ಅಜ್ಜಿಗೆ ಸೊಂಟನೋವು. ಕೊನೆಗೊಂದು ದಿನ ಅವರು ಹೇಳಿಯೇಬಿಟ್ಟರು: “ಇನ್ನು ಈ ಗಾಡಿ ಹತ್ತಲ್ಲ ಕಣಪ್ಪಾ, ಮೆಟ್ರೋದಲ್ಲೇ ಬರ್ತೀನಿ.”

ಮಾರಿಬಿಡೋಣ ಎಂದರೆ ಮನಸ್ಸು ಬಾರದು. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಮೊದಲು ತಯಾರಿಸಿದ ಗಾಡಿಯೇ ಕ್ವಾಲಿಸ್. 2000ದಲ್ಲಿ ಬಂದು, 2005ರಲ್ಲಿ ಇನ್ನೋವಾಗೆ ಜಾಗ ಬಿಟ್ಟುಕೊಟ್ಟಿತು. ಆ ವರ್ಷಗಳಲ್ಲಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಗೆ ರಾತ್ರಿ ಪಾಳಿಯವರನ್ನು ಹೊತ್ತು ಓಡಾಡಿದ ಗಾಡಿಗಳಲ್ಲಿ ಇದೂ ಒಂದು. ನಮ್ಮದರ ಎಂಜಿನ್ ಇನ್ನೂ ಗಟ್ಟಿಯಾಗಿದೆ.

ಮೊದಲು ತೋರಿಸಿದ ಗ್ಯಾರೇಜಿನವರು ನೋಡಿದ್ದೇ ತಡ, “ಹಿಂದೆ ಇನ್ನೊಂದು ಪ್ಲೇಟು ಹಾಕಿಸಿ ಸಾರ್, ಗಟ್ಟಿಯಾಗುತ್ತೆ” ಎಂದರು. ಇನ್ನೇನು ಒಪ್ಪಿಬಿಡುತ್ತಿದ್ದೆ. ಪೀಣ್ಯದಲ್ಲೇ ಇನ್ನೊಬ್ಬ ಹಳೆಯ ಮೆಕ್ಯಾನಿಕ್ ತಡೆದರು. ಅವರು ಗಾಡಿಯ ಹಿಂಬದಿಯ ಒಂದು ಮೂಲೆಯನ್ನು ಎರಡೂ ಕೈಯಿಂದ ಬಲವಾಗಿ ಅದುಮಿ ಬಿಟ್ಟರು. ಚೆನ್ನಾಗಿರುವ ಗಾಡಿ ಒಮ್ಮೆ ಮೇಲೆದ್ದು ಸುಮ್ಮನಾಗಬೇಕು. ನಮ್ಮದು ತೂಗುತ್ತಲೇ ಇತ್ತು. “ಗಾಡಿ ಕೂತುಬಿಟ್ಟಿದ್ರೆ ಪ್ಲೇಟು ನೋಡಬೇಕು ಸಾರ್. ಕುಣೀತಾ ಇದ್ರೆ ಶಾಕ್ ನೋಡಬೇಕು.”

“ಸ್ಪ್ರಿಂಗ್ ಇದೆಯಲ್ಲ ಅಂಕಲ್, ಮತ್ತೆ ಶಾಕ್ ಯಾಕೆ?” ಎಂದಳು ಜೊತೆಗೆ ಬಂದಿದ್ದ ಆರನೇ ತರಗತಿಯ ಮಗಳು. ಇದು ದೊಡ್ಡವರೂ ಕೇಳದ ಪ್ರಶ್ನೆ. ಉತ್ತರಕ್ಕೆ ಅಜ್ಜಿಯ ಕಾಲದ ಕಮಾನು ಗಾಡಿಯನ್ನು ನೆನೆಯಬೇಕು. ಎತ್ತಿನ ಗಾಡಿಯ ಅಡಿಗೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದರೆ ಅದೇ ಕಮಾನು. ಕ್ವಾಲಿಸ್‌ನ ಹಿಂಬದಿಯಲ್ಲಿರುವುದೂ ಅಂಥದೇ ಕಮಾನು. ಗುಂಡಿಯ ಏಟನ್ನು ನುಂಗುವುದು ಈ ಕಮಾನೇ. ಆದರೆ ನುಂಗಿದ ಬಲವನ್ನು ಅದು ಇಟ್ಟುಕೊಳ್ಳುವುದಿಲ್ಲ, ತಿರುಗಿಸಿ ಎಸೆಯುತ್ತದೆ. ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕುಣಿತ ಕೊಂಚ ತಗ್ಗುತ್ತದೆ. ಎತ್ತಿನ ನಡಿಗೆಗೆ ಅಷ್ಟು ಸಾಕಿತ್ತು, ತುಮಕೂರು ರಸ್ತೆಯ ವೇಗಕ್ಕೆ ಸಾಲದು.

ಸಾಲದ್ದನ್ನು ತುಂಬುವುದು ಶಾಕ್ ಅಬ್ಸಾರ್ಬರ್. ಏಟು ನುಂಗುವ ಕೆಲಸ ಕಮಾನಿನದು, ಹೆಸರು ಮಾತ್ರ ಇದಕ್ಕೆ! ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತು ಮತ್ತು ಕವಾಟಗಳು. ಚಕ್ರ ಮೇಲೆ ಕೆಳಗೆ ಆಡಿದಾಗಲೆಲ್ಲ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು. ಮಕ್ಕಳು ಇದನ್ನು ಮನೆಯಲ್ಲೇ ನೋಡಬಹುದು: ಸೂಜಿಯಿಲ್ಲದ ಹೊಸ ಸಿರಿಂಜಿಗೆ ನೀರೆಳೆದು ಮೆಲ್ಲಗೆ ಒತ್ತಿ, ಸಲೀಸು. ಜೋರಾಗಿ ಒತ್ತಿ, ಬೆರಳಿಗೆ ಎದುರು ನಿಲ್ಲುತ್ತದೆ. ಶಾಕ್ ಕೂಡ ಹಾಗೆಯೇ, ಕುಣಿತ ಜೋರಾದಷ್ಟೂ ಅದರ ತಡೆಯೂ ಜೋರು. ತಡೆದ ಶಕ್ತಿ ಬಿಸಿಯಾಗಿ ಗಾಳಿಗೆ ಸೇರುತ್ತದೆ. ದೂರ ಓಡಿ ಬಂದ ಗಾಡಿಯ ಶಾಕ್ ಬೆಚ್ಚಗಿರುವುದು ಇದಕ್ಕೇ.

ನಮ್ಮ ಗಾಡಿಯ ಶಾಕುಗಳ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿತ್ತು. ಸೀಲು ಸವೆದು ಎಣ್ಣೆ ಸೋರಿಹೋದರೆ ಕುಣಿತ ತಡೆಯುವವರೇ ಇಲ್ಲ. ಕಡೆಯ ಸೀಟು ಹಿಂಚಕ್ರಕ್ಕೆ ತೀರ ಹತ್ತಿರವಾದ್ದರಿಂದ ಅಜ್ಜಿಗೇ ಹೆಚ್ಚು ಹೊಡೆತ. ಸೊಂಟನೋವಿಗಿಂತ ದೊಡ್ಡ ಅಪಾಯವೂ ಇದರಲ್ಲಿದೆ. ಟೈರು ನೆಲ ಬಿಟ್ಟು ಪುಟಿಯುವ ಆ ಗಳಿಗೆಯಲ್ಲಿ ಬ್ರೇಕಿಗೂ ತಿರುವಿಗೂ ಹಿಡಿತ ಸಿಗದು. ಮಳೆಯಲ್ಲಿ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿದರೂ ಜಾರಿತು.

ಕೆಲಸ ಒಂದೇ ಬೆಳಿಗ್ಗೆಯದು. ಹಿಂದಿನ ದಿನವೇ ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟಿದ್ದರು. ಜಾಕಿಯಿಂದ ಎತ್ತಿದ ಗಾಡಿಗೆ ಸ್ಟ್ಯಾಂಡು ಕೊಟ್ಟ ಮೇಲೆಯೇ ಹುಡುಗನನ್ನು ಅಡಿಗೆ ಬಿಟ್ಟರು. ಬರೀ ಜಾಕಿ ನಂಬಿ ಯಾರೂ ಕೆಳಗೆ ಹೋಗಬಾರದು, ಚೆಂಡು ಉರುಳಿತೆಂದು ಮಕ್ಕಳಂತೂ ಹೋಗಲೇಬಾರದು. ಸೋರುತ್ತಿದ್ದುದು ಎಡಗಡೆಯದೇ ಹೆಚ್ಚು, ಆದರೂ ಎರಡನ್ನೂ ಬದಲಾಯಿಸಿದರು. ಒಂದು ಹೊಸದು, ಒಂದು ಹಳೆಯದಾದರೆ ಗಾಡಿ ಒಂದು ಕಡೆ ಕುಣಿದು ಇನ್ನೊಂದು ಕಡೆ ಸುಮ್ಮನಿರುತ್ತದೆ.

ಹೊಸ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪಂಪಿನಂತೆ ಎಳೆದು ಒತ್ತಿದ್ದು ಮಗಳ ಕೆಲಸ. ಮಲಗಿಸಿ ಇಟ್ಟಿದ್ದಾಗ ಒಳಗೆ ಸೇರಿದ ಗಾಳಿಯ ಗುಳ್ಳೆ ಹೀಗೆ ಮೇಲಕ್ಕೆ ಹೋಗುತ್ತದಂತೆ. ಎರಡೂ ತುದಿಯ ರಬ್ಬರ್ ಬುಷ್‌ಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಪೂರ್ತಿ ಬಿಗಿದರು. ಮೇಲೆತ್ತಿದಾಗಲೇ ಬಿಗಿದರೆ ಇಳಿಸುವಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಕೆಲವು ದೊಡ್ಡ ಗಾಡಿಗಳಲ್ಲಿ ಸ್ಟೇರಿಂಗ್ ಸಲಾಕೆಗೂ ಇಂಥದೇ ಪುಟ್ಟ ಶಾಕ್ ಒಂದನ್ನು ಅಡ್ಡಲಾಗಿ ಕೂರಿಸಿರುತ್ತಾರೆ, ಚಕ್ರ ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಲ್ಲಿ ಒದರಾಡದಿರಲೆಂದು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ ಅಳತೆ. ನಮ್ಮ ರಸ್ತೆಯದು ಅದರ ಕಾಲು ಭಾಗದಷ್ಟೂ ಅಗಲವಿಲ್ಲ, ಗೋಡೆಯಂತೆ ನಿಂತಿದೆ. ಹೊಸ ಶಾಕ್ ಹಾಕಿದರೂ ಅದರ ಏಟು ಏಟೇ.

ಅಂದು ಸಂಜೆ ಅಜ್ಜಿಯನ್ನು ಒಪ್ಪಿಸಿ ಅದೇ ಕಡೆಯ ಸೀಟಿನಲ್ಲಿ ಕೂರಿಸಿದೆವು. ತೊಡೆಯ ಮೇಲೆ ತೂಕುಪಾತ್ರೆ ತುಂಬ ಮಜ್ಜಿಗೆಹುಳಿ. ಉಬ್ಬು ಬಂತು. ಧಡ್ ಎಂದು ಒಂದು ಏಟು, ಆಮೇಲೆ ಏನೂ ಇಲ್ಲ. ‘ಹೋ!’ ಎನ್ನಲು ಬಾಯಿ ತೆರೆದಿದ್ದ ಮಗ ಹಾಗೇ ಮುಚ್ಚಿಕೊಂಡ.

“ಆಯ್ತಾ, ದಾಟಿತಾ?” ಎಂದರು ಅಜ್ಜಿ, ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾ.