ಒಂದೇ ಅಳತೆಯ ಬಿಲ್ಲೆ, ಬೇರೆ ಬೇರೆ ಮೊನೆಯ ಬೆಳಕು

ಸಿಡಿ, ಡಿವಿಡಿ, ಬ್ಲೂ-ರೇ ಮೂರೂ ಒಂದೇ ಗಾತ್ರ. ಆದರೂ ಒಂದರಲ್ಲಿ 700 ಎಂಬಿ, ಇನ್ನೊಂದರಲ್ಲಿ 4.7 ಜಿಬಿ, ಮತ್ತೊಂದರಲ್ಲಿ 25 ಜಿಬಿ ಹಿಡಿಯುವುದು ಹೇಗೆ?

ಗುಟ್ಟಿರುವುದು ಓದುವ ಬೆಳಕಿನಲ್ಲಿ. 12 ಸೆಂಟಿಮೀಟರ್ ಅಗಲದ ಈ ಬಿಲ್ಲೆಗಳಲ್ಲಿ ಮಾಹಿತಿ ಕೂತಿರುವುದು ಒಳಗಿನಿಂದ ಹೊರಕ್ಕೆ ಸಾಗುವ ಸುರುಳಿ ಸಾಲಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಾಗಿ. ಲೇಸರ್ ಕಿರಣ ಗುಳಿಯ ಅಂಚು ದಾಟಿದಾಗಲೆಲ್ಲ ಮರಳಿ ಬರುವ ಬೆಳಕು ಏರಿಳಿಯುತ್ತದೆ. ಹಾಡು, ಸಿನಿಮಾ, ಕಡತ ಎಲ್ಲವೂ ಆ ಏರಿಳಿತವೇ. ಸಿಡಿಯ ಅವಕೆಂಪು ಕಿರಣದ ತರಂಗಾಂತರ 780 ನ್ಯಾನೋಮೀಟರ್, ಸುರುಳಿಯ ಸುತ್ತುಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ಡಿವಿಡಿಯ ಕೆಂಪು ಕಿರಣದಲ್ಲಿ ಇವು 650 ಮತ್ತು 0.74. ಬ್ಲೂ-ರೇಯ ನೀಲಿ-ನೇರಳೆ ಕಿರಣದಲ್ಲಿ 405 ಮತ್ತು ಬರೀ 0.32, ಜೊತೆಗೆ ಲೆನ್ಸೂ ಬಲವಾಯಿತು. ದಪ್ಪ ಸ್ಕೆಚ್ ಪೆನ್ನಿನಲ್ಲಿ ಹತ್ತು ಸಾಲು ಹಿಡಿಸುವ ಹಾಳೆಯಲ್ಲಿ ಚೂಪು ಮೊನೆಯ ಪೆನ್ನಿನಿಂದ ಐವತ್ತು ಸಾಲು ಬರೆದಂತೆ. ಅಕ್ಷರಗಳೂ ಕಿರಿದಾಗುವುದರಿಂದ ಒಂದೊಂದು ಸಾಲಿನಲ್ಲೂ ಹೆಚ್ಚು ಹಿಡಿಯುತ್ತದೆ.

ಹಾಗಾದರೆ ಹಳೆಯ ಲೇಸರನ್ನೇ ಇಟ್ಟುಕೊಂಡು ಗುಳಿಗಳನ್ನು ಒತ್ತೊತ್ತಾಗಿ ಮೂಡಿಸಬಹುದಿತ್ತಲ್ಲ ಎಂದು ಕೇಳಬಹುದು. ಮೂಡಿಸಬಹುದು, ಓದಲಾಗದು. ಬೆಳಕನ್ನು ಅದರ ತರಂಗಾಂತರಕ್ಕಿಂತ ತೀರಾ ಚಿಕ್ಕ ಚುಕ್ಕೆಯಾಗಿ ಲೆನ್ಸಿನಿಂದ ಹಿಂಡಲು ಬರುವುದಿಲ್ಲ. ದೊಡ್ಡ ಚುಕ್ಕೆ ಅಕ್ಕಪಕ್ಕದ ಸಾಲುಗಳ ಮೇಲೂ ಬಿದ್ದು ಎಲ್ಲ ಗುಳಿಗಳನ್ನೂ ಕಲಸಿಬಿಡುತ್ತದೆ. ಜಪಾನಿನ ಶೂಜಿ ನಕಮುರಾ 1990ರ ದಶಕದಲ್ಲಿ ಗ್ಯಾಲಿಯಂ ನೈಟ್ರೈಡ್ ಬಳಸಿ ನೀಲಿ-ನೇರಳೆ ಲೇಸರ್ ಡಯೋಡ್ ತಯಾರಿಸಿದ್ದರಿಂದಲೇ ಬ್ಲೂ-ರೇಗೆ ದಾರಿ ತೆರೆಯಿತು.