ಇರೋ ಚರ್ಚ್ ಸಾಲದಾ? ಹೊಸ ಸಭೆ ಯಾಕೆ ಬೇಕು

ಯಡಿಯೂರು: ಬೆಂಗಳೂರಲ್ಲಿ ಇಷ್ಟೊಂದು ಚರ್ಚ್ ಇರುವಾಗ ಇನ್ನೊಂದು ಯಾಕೆ? ಯಾವುದಾದರೂ ಬಿಲ್ಡಿಂಗ್‌ನ ಮೊದಲ ಮಹಡಿಗೆ ಪ್ರಾರ್ಥನಾಲಯ ಅಂತ ಬೋರ್ಡ್ ಬಿದ್ದ ಕೂಡಲೇ ಕೆಳಗಿನ ಅಂಗಡಿಯವರು ಕೇಳೋ ಮೊದಲ ಪ್ರಶ್ನೆ ಇದು. ಹೊರಗಿನವರಷ್ಟೇ ಅಲ್ಲ, ಕ್ರೈಸ್ತರೇ ಇದನ್ನ ಕೇಳ್ತಾರೆ. ಇರೋ ಚರ್ಚನ್ನೇ ದೊಡ್ಡದು ಮಾಡೋಣ, ಇನ್ನೊಂದು ಬಾಲ್ಕನಿ ಕಟ್ಟೋಣ ಅನ್ನೋರು ಪ್ರತಿ ಸಭೆಯಲ್ಲೂ ಇರ್ತಾರೆ. ಲೆಕ್ಕ ಹಾಕಿ ನೋಡಿದ್ರೆ ಬಾಲ್ಕನಿಗಿಂತ ಹತ್ತಿರದಲ್ಲೊಂದು ಸಣ್ಣ ಸಭೆಯೇ ವಾಸಿ.

ಮೊದಲು ನಗರದ ನಕ್ಷೆ ನೋಡಬೇಕು. ಬೆಂಗಳೂರಿನ ಹಳೇ ಚರ್ಚ್‌ಗಳಲ್ಲಿ ಬಹುಪಾಲು ಇರೋದು ದಂಡು ಪ್ರದೇಶದಲ್ಲಿ. ಬ್ರಿಟಿಷ್ ಸೈನ್ಯ ಎಲ್ಲಿತ್ತೋ ಅಲ್ಲಿ ಚರ್ಚ್ ಬಂತು. ಸೇಂಟ್ ಮಾರ್ಕ್ಸ್ ಕಟ್ಟಡ ಮುಗಿದಿದ್ದು 1812ರಲ್ಲಿ, ಹೋಲಿ ಟ್ರಿನಿಟಿ ಬಂದಿದ್ದು 1851ರಲ್ಲಿ. ಪೇಟೆ ಕಡೆ ಕನ್ನಡದವರಿಗಾಗಿ ಲಂಡನ್ ಮಿಷನ್ ಮತ್ತು ವೆಸ್ಲಿಯನ್ ಮಿಷನ್‌ನವರು ಕೆಲಸ ಮಾಡಿದ್ರು. ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚ್, ಕಾರ್ಪೊರೇಷನ್ ಹತ್ತಿರ 1904ರ ಹಡ್ಸನ್ ಮೆಮೋರಿಯಲ್ ಚರ್ಚ್, ಎರಡೂ ಆ ಕಾಲದ ಗುರುತು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದ್ರೆ ಸಿಎಸ್‌ಐ, ಹುಟ್ಟಿದಾಗ ಈ ಬೇರೆ ಬೇರೆ ಮಿಷನ್‌ಗಳ ಚರ್ಚ್‌ಗಳು ಒಂದೇ ಸೂರಿನಡಿ ಬಂದವು.

ಮರುವರ್ಷ, 1948ರಲ್ಲಿ, ಜಯನಗರಕ್ಕೆ ಅಡಿಗಲ್ಲು ಬಿತ್ತು. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್. ಊರಾಗಿದ್ದ ಯಡಿಯೂರು ಇವುಗಳ ನಡುವೆ ಸಿಕ್ಕಿಕೊಂಡು ಬಡಾವಣೆ ಆಯ್ತು. ಜನ ದಕ್ಷಿಣಕ್ಕೆ ಬಂದ್ರು, ಹಳೇ ಚರ್ಚ್‌ಗಳು ಇದ್ದಲ್ಲೇ ಇದ್ದವು. ಯಡಿಯೂರು ಕೆರೆಯಿಂದ ಹಡ್ಸನ್ ವೃತ್ತಕ್ಕೆ ಸುಮಾರು ಐದು ಕಿಲೋಮೀಟರ್. ಸ್ಕೂಟರ್ ಇರೋ ಮೂವತ್ತರ ಹುಡುಗನಿಗೆ ಅದು ದೂರ ಅಲ್ಲ. ಮಂಡಿನೋವಿನ ಎಪ್ಪತ್ತೈದರ ಅಜ್ಜಿಗೆ, ಕೈಕೂಸಿನ ತಾಯಿಗೆ, ಭಾನುವಾರವೂ ಹನ್ನೊಂದಕ್ಕೆ ಅಂಗಡಿ ತೆಗೀಬೇಕಾದವರಿಗೆ ದೂರವೇ. ಅವರು ಮೊದಲು ತಿಂಗಳಿಗೆರಡು ಸಲ ಹೋಗ್ತಾರೆ, ಆಮೇಲೆ ಕ್ರಿಸ್ಮಸ್, ಈಸ್ಟರ್‌ಗೆ ಮಾತ್ರ. ಯಾರೂ ಚರ್ಚ್ ಬಿಟ್ಟೆ ಅಂತ ಹೇಳಿ ಬಿಡೋದಿಲ್ಲ. ಹೋಗೋದು ನಿಂತುಹೋಗುತ್ತೆ, ಅಷ್ಟೇ.

ಹೊಸ ಚರ್ಚ್ ಹೇಗೆ ಹುಟ್ಟುತ್ತೆ ಅನ್ನೋದಕ್ಕೆ ಬೆಂಗಳೂರಲ್ಲೇ ಎಲ್ಲರಿಗೂ ಗೊತ್ತಿರೋ ಉದಾಹರಣೆ ವಿವೇಕನಗರದ ಬಾಲಯೇಸು ದೇವಾಲಯ. ಆ ಭಾಗದ ಕ್ಯಾಥೊಲಿಕರು ಮೊದಲು ರಿಚ್ಮಂಡ್ ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚ್‌ಗೆ ಸೇರಿದವರು. 1971ರಲ್ಲಿ ರೋಸ್ ಗಾರ್ಡನ್ ಅಂತ ಕರೀತಿದ್ದ ಜಾಗದಲ್ಲಿ ಒಂದು ಟೆಂಟ್ ಹಾಕಿ, ಬಾಲಯೇಸುವಿನ ಪ್ರತಿಮೆ ಇಟ್ಟು ಪೂಜೆ ಶುರು ಮಾಡಿದ್ರು. 1979ರಲ್ಲಿ ಅದು ಸ್ವತಂತ್ರ ಧರ್ಮಕೇಂದ್ರ ಆಯ್ತು. ಇವತ್ತು ಗುರುವಾರ ಆ ಕಡೆ ಆಟೊ ಹೋಗೋದು ಕಷ್ಟ, ಸಾಲಲ್ಲಿ ನಿಲ್ಲೋರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು. ಟೆಂಟ್ ಬೇಡ, ರಿಚ್ಮಂಡ್ ರಸ್ತೆಗೇ ಬನ್ನಿ ಅಂದಿದ್ರೆ ಇದ್ಯಾವುದೂ ಇರ್ತಿರಲಿಲ್ಲ.

ಗುರುವಾರ ಅಂದ್ರೆ ನಮ್ಮ ಕಡೆಯವರಿಗೆ ನೆನಪಾಗೋದು ರಾಯರು. ಜಯನಗರ 5ನೇ ಬ್ಲಾಕ್‌ನ ರಾಘವೇಂದ್ರ ಸ್ವಾಮಿಗಳ ಮಠಕ್ಕೆ ಹೋಗೋರನ್ನ, ಮಂತ್ರಾಲಯ ಇರುವಾಗ ಇಲ್ಯಾಕೆ ಮಠ ಅಂತ ಯಾರೂ ಕೇಳೋದಿಲ್ಲ. ಮೂಲಸ್ಥಾನ ವರ್ಷಕ್ಕೊಮ್ಮೆ, ಹತ್ತಿರದ ಮಠ ವಾರಕ್ಕೊಮ್ಮೆ. ಚರ್ಚ್ ವಿಷಯಕ್ಕೂ ಇದೇ ಲೆಕ್ಕ.

ದೂರ ಒಂದೇ ಕಾರಣ ಅಲ್ಲ. ದೊಡ್ಡ ಸಭೆಯಲ್ಲಿ ನೂರಾರು ಕುಟುಂಬಕ್ಕೆ ಒಬ್ಬರೋ ಇಬ್ಬರೋ ಸಭಾಪಾಲಕರು. ಆಸ್ಪತ್ರೆ ಭೇಟಿ, ಸಾವು, ಮದುವೆ ಮಾತುಕತೆ, ಗಂಡ ಹೆಂಡತಿ ಜಗಳ ಎಲ್ಲಾ ಅವರ ತಲೆ ಮೇಲೆ. ಮೂರು ವಾರ ಒಂದು ಮನೆಯವರು ಬರಲಿಲ್ಲ ಅಂದ್ರೆ ದೊಡ್ಡ ಚರ್ಚ್‌ನಲ್ಲಿ ಗೊತ್ತೇ ಆಗಲ್ಲ. ನಲವತ್ತು ಮನೆಯ ಸಭೆಯಲ್ಲಿ ಅದೇ ಭಾನುವಾರ ಸಂಜೆ ಫೋನ್ ಬರುತ್ತೆ. ಇನ್ನೊಂದು, ಹಳೇ ಚರ್ಚ್‌ಗಳಲ್ಲಿ ಕಮಿಟಿ, ಗಾಯನ ತಂಡ ಎಲ್ಲಾ ಹಳೇ ಮನೆತನಗಳ ಕೈಲಿರುತ್ತೆ. ಹೊಸದಾಗಿ ಬಂದವರು ಹಿಂದಿನ ಬೆಂಚಲ್ಲಿ ಕೂತು ಎದ್ದು ಹೋಗ್ತಾರೆ. ಹೊಸ ಸಭೆಯಲ್ಲಿ ಕೀಬೋರ್ಡ್ ನುಡಿಸೋಕೆ, ಸಂಡೇ ಸ್ಕೂಲ್ ನಡೆಸೋಕೆ, ಕಾಣಿಕೆ ಲೆಕ್ಕ ಬರೆಯೋಕೆ ಆಳೇ ಸಾಲಲ್ಲ. ಇಪ್ಪತ್ತರ ಹುಡುಗ ಹುಡುಗಿಯರಿಗೂ ಕೆಲಸ ಸಿಗುತ್ತೆ.

ಭಾಷೆ ಪ್ರಶ್ನೆಯೂ ಇದೆ. ಬೆಂಗಳೂರಿನ ಚರ್ಚ್‌ಗಳಲ್ಲಿ ಕನ್ನಡಕ್ಕೆ ಜಾಗ ಕೇಳಿ ಕನ್ನಡ ಕ್ರೈಸ್ತರು ದಶಕಗಟ್ಟಲೆ ಹೋರಾಡಿದ್ದಾರೆ. ಒಂದೇ ಕಟ್ಟಡದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಆರಾಧನೆಗೆ ಸಮಯ ಹಂಚೋವಾಗ ಯಾರಿಗೆ ಬೆಳಿಗ್ಗೆ ಒಂಬತ್ತು, ಯಾರಿಗೆ ಮಧ್ಯಾಹ್ನ ಎರಡು ಅನ್ನೋದೇ ಜಗಳ. ಕನ್ನಡದ್ದೇ ಒಂದು ಸಣ್ಣ ಸಭೆ ಇದ್ರೆ ಆ ಜಗಳ ಅಲ್ಲಿಗೆ ಮುಗೀತು.

ಆದ್ರೆ ಬಿಟ್ಟಿ ಕೆಲಸ ಅಲ್ಲ ಇದು. ಹೋಟೆಲ್‌ನವರು ಎರಡನೇ ಬ್ರಾಂಚ್ ತೆಗೆಯೋವಾಗ ಹೊಸಬನನ್ನ ಕಳಿಸಲ್ಲ, ಕೈ ಪಳಗಿದ ಭಟ್ಟರನ್ನ ಕಳಿಸ್ತಾರೆ, ಮೊದಲ ಬ್ರಾಂಚ್‌ಗೆ ಸ್ವಲ್ಪ ದಿನ ತೊಂದರೆ ಆದ್ರೂ. ತಾಯಿ ಸಭೆಯೂ ಹಾಗೇ ಒಳ್ಳೊಳ್ಳೆ ಕುಟುಂಬಗಳನ್ನ, ಹಾಡುವವರನ್ನ ಬಿಟ್ಟುಕೊಡಬೇಕು. ಮೊದಲ ಕೆಲವು ವರ್ಷ ಬಾಡಿಗೆ, ಪಾಲಕರ ಸಂಬಳ ಕೊಡಬೇಕು. ಕಾಣಿಕೆ ಪೆಟ್ಟಿಗೆ ಹಗುರ ಆಗುತ್ತೆ. ಎಷ್ಟೋ ಸಭೆಗಳು ಹಿಂಜರಿಯೋದು ಇಲ್ಲೇ. ಇನ್ನು ಕಮಿಟಿ ಎಲೆಕ್ಷನ್‌ನಲ್ಲಿ ಸೋತು, ಸಿಟ್ಟು ಮಾಡ್ಕೊಂಡು ಎದುರು ರಸ್ತೆಯಲ್ಲೇ ಬೋರ್ಡ್ ಹಾಕೋರೂ ಇದ್ದಾರೆ. ಅದು ಹೊಸ ಸಭೆ ಅಲ್ಲ, ಹಳೇ ಜಗಳದ ಹೊಸ ವಿಳಾಸ.

ಅಕ್ಕಪಕ್ಕದವರ ಅನುಮಾನ ಮುಖ್ಯವಾಗಿ ಮತಾಂತರದ್ದು. ಸಂವಿಧಾನದ 25ನೇ ವಿಧಿ ಧರ್ಮ ಪಾಲಿಸೋ, ಪ್ರಚಾರ ಮಾಡೋ ಹಕ್ಕು ಕೊಡುತ್ತೆ. 26ನೇ ವಿಧಿ ಧಾರ್ಮಿಕ ಸಂಸ್ಥೆ ಕಟ್ಟಿ ನಡೆಸೋ ಹಕ್ಕು ಕೊಡುತ್ತೆ. ಎರಡಕ್ಕೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿ ಇದೆ. ರಾಜ್ಯದ 2022ರ ಮತಾಂತರ ಕಾಯ್ದೆ ಬಂದಿದ್ದು ಬಲವಂತ, ಮೋಸ, ಆಮಿಷದ ಮತಾಂತರ ತಡೆಯೋಕೆ. ಅದನ್ನ ರದ್ದು ಮಾಡೋಕೆ 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತ್ತು. ಇರೋ ಕ್ರೈಸ್ತ ಮನೆಗಳು ತಮ್ಮ ಬೀದಿಯಲ್ಲಿ ಸೇರಿ ಪ್ರಾರ್ಥಿಸೋದು ಆ ಕಾಯ್ದೆಯಲ್ಲೂ ಅಪರಾಧ ಅಲ್ಲ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ 1.87, ಅಂದ್ರೆ ಸುಮಾರು 11.4 ಲಕ್ಷ.

ನಿಜವಾದ ತಕರಾರು ಬರೋದು ಮೈಕ್ ಮತ್ತು ಪಾರ್ಕಿಂಗ್‌ನಿಂದ. ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಮಿತಿ. ದೇವಸ್ಥಾನ, ಮಸೀದಿ, ಚರ್ಚ್ ಎಲ್ಲಕ್ಕೂ ಒಂದೇ. ಹಾಗಾಗಿ ಸಭೆ ಶುರು ಮಾಡೋರು ಸ್ಪೀಕರ್ ಕೊಳ್ಳೋ ಮೊದಲು ಕೆಳಗಿನ ಅಂಗಡಿಯವರನ್ನ, ಪಕ್ಕದ ಮನೆಯವರನ್ನ ಮಾತಾಡಿಸೋದು ಒಳ್ಳೇದು. ಶಟರ್ ಮುಂದೆ ಗಾಡಿ ನಿಲ್ಲಿಸಲ್ಲ, ಇಷ್ಟು ಹೊತ್ತಿಗೆ ಶುರು, ಇಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಮೊದಲೇ ಹೇಳಿದ್ರೆ ಅರ್ಧ ತಕರಾರು ಸ್ಟೇಷನ್‌ವರೆಗೆ ಹೋಗೋದೇ ಇಲ್ಲ.