ಕೌದಿಯೂ ಕೊಪ್ಪರಿಗೆಯೂ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದು, ಮಳೆಗಾಲಕ್ಕೆ ಇನ್ನೂ ಕೆಲವು ವಾರಗಳಿರುವ ಬಿಸಿಲಿನ ದಿನಗಳಲ್ಲಿ, ಪಡಸಾಲೆಯ ನೆಲದ ಮೇಲೆ ಹಳೆಯ ಬಟ್ಟೆಗಳ ಗಂಟೊಂದು ಬಿಚ್ಚಿಕೊಳ್ಳುತ್ತದೆ. ಅಂಚು ಹರಿದ ಇಳಕಲ್ಲ ಸೀರೆ, ಒಗೆದು ಒಗೆದು ಮೆತ್ತಗಾದ ಧೋತರ, ತೊಡುವವರಿಗೆ ಚಿಕ್ಕದಾಗಿಹೋದ ಅಂಗಿ, ಬಣ್ಣಗುಂದಿದ ಕುಪ್ಪಸ ಇವೆಲ್ಲವೂ ಅದರಲ್ಲಿರುತ್ತವೆ. ಮನೆಯ ಹಿರಿಯ ಹೆಂಗಸು ಅವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಗಟ್ಟಿಯಾದ ಭಾಗವನ್ನು ಕತ್ತರಿಸಿ ಬೇರೆ ಇಡುತ್ತಾಳೆ. ಕೌದಿಯ ಕೆಲಸ ಆರಂಭವಾಗುವುದು ಹೀಗೆ.

ಈ ಕೆಲಸದಲ್ಲಿ ಮೊಮ್ಮಕ್ಕಳಿಗೆ ಮೊದಲಿನಿಂದಲೂ ಒಂದು ಸ್ಥಾನವುಂಟು. ಅಜ್ಜಿಯ ಕೈ ಚುರುಕಾಗಿದ್ದರೂ ಕಣ್ಣು ಮೊದಲಿನಂತಿರುವುದಿಲ್ಲ. ಸೂಜಿಗೆ ದಾರ ಪೋಣಿಸುವುದು ಮಕ್ಕಳ ಪಾಲಿನ ಕೆಲಸ. ಬಟ್ಟೆ ಸರಿಯದಂತೆ ನಾಲ್ಕು ಮೂಲೆಗಳಲ್ಲಿ ಕೂರುವುದು, ಕೆಂಪಿನ ಪಕ್ಕದಲ್ಲಿ ಹಸುರು ಒಪ್ಪುವುದೋ ಹಳದಿ ಒಪ್ಪುವುದೋ ಎಂದು ವಾದಿಸುವುದು, ಕೊನೆಗೆ ಅಜ್ಜಿಯ ತೀರ್ಮಾನಕ್ಕೆ ತಲೆಬಾಗುವುದು ಇವೂ ಅವರವೇ. ಸ್ವಲ್ಪ ದೊಡ್ಡವರಾದ ಮೇಲೆ ಅಂಚಿನ ಒಂದು ಸಾಲು ಹೊಲಿಗೆಯನ್ನು ಅವರ ಕೈಗೆ ಕೊಡುವುದುಂಟು. ಆ ಸಾಲು ಸೊಟ್ಟಗಾದರೂ ಅದನ್ನು ಸಾಮಾನ್ಯವಾಗಿ ಬಿಚ್ಚುವುದಿಲ್ಲ. ಯಾವ ಮಗು ಎಲ್ಲಿ ಹೊಲಿಯಿತೆಂಬುದಕ್ಕೆ ಅದೇ ಗುರುತಾಗಿ ಉಳಿಯುತ್ತದೆ.

ಕೌದಿಯ ರಚನೆ ನೋಡಲು ಸರಳವಾದುದು. ತಳಕ್ಕೆ ಒಂದು ಅಗಲವಾದ ಬಟ್ಟೆ. ಅದರ ಮೇಲೆ ಹಳೆಯ ಬಟ್ಟೆಗಳ ಒಂದೆರಡು ಪದರ. ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳ ಜೋಡಣೆ. ಅಂಚಿನಿಂದ ಒಳಮುಖವಾಗಿ, ಬೆರಳಗಲದ ಅಂತರದಲ್ಲಿ ಒಂದರ ಪಕ್ಕ ಒಂದರಂತೆ ಹೊಲಿಗೆಯ ಸಾಲುಗಳು ಸಾಗುತ್ತವೆ. ಈ ಸಾಲುಗಳು ಕೇವಲ ಅಲಂಕಾರಕ್ಕಾಗಿ ಇರುವುವಲ್ಲ. ಪದರಗಳ ನಡುವೆ ನಿಂತ ಗಾಳಿಯೇ ಹೊದ್ದವರ ಮೈಯ ಶಾಖವನ್ನು ಹೊರಗೆ ಹೋಗದಂತೆ ತಡೆಯುವುದು. ಹೊಲಿಗೆ ಬಿಗಿಯಾದರೆ ಗಾಳಿಗೆ ಎಡೆಯಿಲ್ಲದೆ ಕೌದಿ ಬರಿಯ ದಪ್ಪ ಬಟ್ಟೆಯಾಗುತ್ತದೆ. ಸಡಿಲವಾದರೆ ಪದರಗಳು ಸರಿದು ಒಂದೆಡೆ ಮುದ್ದೆಗಟ್ಟುತ್ತವೆ. ಇವೆರಡರ ನಡುವಿನ ಹದವನ್ನು ಯಾವ ಪುಸ್ತಕವೂ ಕಲಿಸಲಾರದು. ದಾರವನ್ನು ಎಳೆಯುವಾಗ ಅಜ್ಜಿಯ ಬೆರಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಯೇ ಅದನ್ನು ಕಲಿಯಬೇಕು.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು ಸೀಮೆಯ ಕಾಡಂಚಿನ ಊರುಗಳಲ್ಲಿ ನೆಲೆಸಿರುವ ಸಿದ್ದಿ ಜನರ ಕೌದಿಗಳು ವಿಶೇಷವಾಗಿ ಹೆಸರಾಗಿವೆ. ಶತಮಾನಗಳ ಹಿಂದೆ ಆಫ್ರಿಕದಿಂದ ಕರೆತರಲ್ಪಟ್ಟವರ ಸಂತತಿಯವರು ಇವರು. ಸಿದ್ದಿ ಹೆಂಗಸರು ಒಂದು ಮೂಲೆಯಿಂದ ಹೊಲಿಯತೊಡಗಿ, ಅಂಚನ್ನು ಅನುಸರಿಸಿ ಸುತ್ತುತ್ತ ನಡುವಿಗೆ ಬಂದು ಸೇರುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಕೂರಿಸಿದ ಮುಕ್ಕೋನದ ಹೂಗಳಿಲ್ಲದಿದ್ದರೆ ಆ ಕೌದಿ ಪೂರ್ಣವಾದಂತಲ್ಲ. ಕೊನೆಯ ತುಂಡನ್ನು ಮುಚ್ಚುವ ಮೊದಲು ನಾಲ್ಕು ಅಕ್ಕಿಕಾಳನ್ನು ಒಳಗಿಟ್ಟು ಕೌದಿಯ ಹೊಟ್ಟೆ ತುಂಬಿಸುವ ಪದ್ಧತಿಯೂ ಅವರಲ್ಲುಂಟು. ಮನೆಯವರ ಚಳಿಗೆಂದು ಹುಟ್ಟಿದ ಈ ಹೊದಿಕೆಗಳು ಇತ್ತೀಚಿನ ದಶಕಗಳಲ್ಲಿ ಅಮೆರಿಕದ ಪ್ರದರ್ಶನಗಳ ಗೋಡೆಗಳನ್ನೂ ಏರಿವೆ. ಗೋಡೆಯ ಮೇಲಿನ ಕೌದಿಯನ್ನು ಯಾರೂ ಹೊದ್ದುಕೊಳ್ಳುವಂತಿಲ್ಲವೆಂಬುದು ಬೇರೆಯ ಮಾತು.

ಅಜ್ಜನೂ ಈ ಪಾಠಶಾಲೆಯಿಂದ ಹೊರಗುಳಿದವನಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಎರೆಮಣ್ಣನ್ನು ನಾದಿ ಎತ್ತಿನ ಜೋಡಿಯನ್ನು ಮಾಡುವಾಗ ಮೊಮ್ಮಕ್ಕಳು ಅವನ ಸುತ್ತ ನೆರೆಯುತ್ತಾರೆ. ಹಿಣಿಲು ಎಷ್ಟು ಎತ್ತರವಿರಬೇಕು, ಕೊಂಬು ಯಾವ ಕಡೆಗೆ ಬಾಗಬೇಕು ಎಂಬುದನ್ನು ಅವನು ಬಲ್ಲನು. ಏಕೆಂದರೆ ಅವನು ಎತ್ತುಗಳ ಹಿಂದೆ ನಡೆದವನು. ಟ್ರ್ಯಾಕ್ಟರನ್ನಷ್ಟೇ ಕಂಡ ಮೊಮ್ಮಗ ಮಾಡಿದ ಎತ್ತಿನ ಕಾಲು ಒಣಗುವ ಮೊದಲೇ ಮುರಿದರೆ ಆಶ್ಚರ್ಯವೇನೂ ಇಲ್ಲ.

ಹರಿದ ಬಟ್ಟೆಯನ್ನು ಹೀಗೆ ಕೈಬಿಡದೆ ಕಾಪಾಡಿದ ಮನೆಗಳೇ ಅಟ್ಟದ ಮೇಲಿನ ಪಾತ್ರೆಗಳನ್ನು ಸುಲಭವಾಗಿ ಕೈಬಿಟ್ಟವು. ಇದಕ್ಕೆ ಕಾರಣಗಳಿಲ್ಲದಿಲ್ಲ. ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಲ್ಲಿ ಹುಳಿಯ ಪದಾರ್ಥವನ್ನು ಹಾಗೆಯೇ ಬೇಯಿಸುವಂತಿಲ್ಲ. ಹುಳಿಯು ತಾಮ್ರದೊಡನೆ ಕೂಡಿ ಕಿಲುಬು ಹುಟ್ಟುತ್ತದೆ. ಅದನ್ನು ತಡೆಯಲು ಪಾತ್ರೆಯನ್ನು ಬೆಂಕಿಯಲ್ಲಿ ಕಾಯಿಸಿ, ನವಸಾಗರದ ಪುಡಿಯಿಂದ ಒಳಮೈಯನ್ನು ಶುದ್ಧಗೊಳಿಸಿ, ಕರಗಿದ ತವರವನ್ನು ತೆಳ್ಳಗೆ ಸವರಬೇಕು. ಇದಕ್ಕೆ ಕಲಾಯಿ ಎಂದು ಹೆಸರು. ತವರದ ಪೊರೆ ಸವೆದಂತೆಲ್ಲ ಮತ್ತೆ ಮತ್ತೆ ಕಲಾಯಿ ಮಾಡಿಸಲೇಬೇಕು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಟೀಲ್ ಪಾತ್ರೆಗಳು ಮನೆಮನೆಗೆ ಬಂದಾಗ, ಹಗುರವೂ ಹೊಳಪುಳ್ಳದ್ದೂ ಆದ ಈ ಹೊಸ ಲೋಹ ಹೆಂಗಸರ ಕೈಗೆ ಎಷ್ಟು ಬಿಡುವು ಕೊಟ್ಟಿತೆಂಬುದನ್ನು ಮರೆಯಲಾಗದು. ಹಂಡೆ, ಕೊಪ್ಪರಿಗೆ, ಗಂಗಾಳ, ಚರಿಗೆಗಳು ತೂಕಕ್ಕೆ ಹೋದವು. ಅವುಗಳ ಬದಲು ಸ್ಟೀಲ್ ಡಬ್ಬಿ, ತಟ್ಟೆಗಳು ಬಂದವು. ಕಲಾಯಿ ಹಾಕುವವನ ಕೂಗು ಬೀದಿಗಳಲ್ಲಿ ಅಪರೂಪವಾಯಿತು.

ಅಳತೆಯ ಪಾತ್ರೆಗಳ ಗತಿಯೂ ಇಂಥದೇ. 1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನಾಗಿ, ಹಂತಹಂತವಾಗಿ ಮೆಟ್ರಿಕ್ ಪದ್ಧತಿ ನೆಲೆಗೊಂಡ ಮೇಲೆ ಸೇರು, ಪಾವು, ಚಟಾಕುಗಳು ಅಂಗಡಿಗಳಿಂದ ಮರೆಯಾದವು. ಸೇರಿನ ಗಾತ್ರ ಊರಿಂದೂರಿಗೆ ಬೇರೆಯಾಗುತ್ತಿದ್ದುದರಿಂದ ಬದಲಾವಣೆ ಅಗತ್ಯವೇ ಆಗಿತ್ತು. ಆದರೂ ಅನೇಕ ಅಡುಗೆಮನೆಗಳಲ್ಲಿ ಅಕ್ಕಿಯನ್ನು ಇಂದಿಗೂ ಪಾವಿನಿಂದಲೇ ಅಳೆಯುತ್ತಾರೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬಂದಾಗ ಆಣೆ, ಪೈಗಳೂ ಹೀಗೆಯೇ ಹಿಂದೆ ಸರಿದವು. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ನಡುವೆ ತೂತಿರುವ ಕಂಚಿನ ಕಾಸೊಂದು ಸಿಕ್ಕರೆ ಅದು 1943ರಿಂದ 1947ರ ನಡುವಣದೆಂದು ತಿಳಿಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹವನ್ನು ಉಳಿಸಲು ಹಾಗೆ ಟಂಕಿಸಿದರು. ಅಂಥ 64 ಕಾಸುಗಳು ಸೇರಿದರೆ ಒಂದು ರೂಪಾಯಿ.

ಮನೆಯಿಂದ ಹೊರಟ ವಸ್ತುಗಳೆಲ್ಲವೂ ಕುಲುಮೆಗೆ ಹೋಗಲಿಲ್ಲ. ಕೆಲವು ಹಳೆಯ ವಸ್ತುಗಳ ಸಂತೆಗಳಿಗೆ ಬಂದು ನಿಂತವು. ಮುಂಬಯಿಯ ಚೋರ್ ಬಜಾರು ಇಂಥ ಸಂತೆಗಳಲ್ಲಿ ಬಹು ಪ್ರಸಿದ್ಧವಾದುದು. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರರ ದೊಡ್ಡ ಮನೆಗಳಿಂದ ಬಂದ ಕಂಬ, ಬಾಗಿಲು, ಪಾತ್ರೆಗಳ ಅಂಗಡಿಗಳು ಒಂದು ಬೀದಿಯುದ್ದಕ್ಕೂ ಇವೆ. ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನಲ್ಲಿ ಭಾನುವಾರ ನೆರೆಯುವ ಬಜಾರಿನಲ್ಲಿ ಗೋಡೆ ಗಡಿಯಾರ, ಗ್ರಾಮೋಫೋನಿನ ತಟ್ಟೆ, ಹಿತ್ತಾಳೆಯ ಬೀಗ, ಅಡಕತ್ತರಿಗಳು ರಸ್ತೆಯ ಅಂಚಿನಲ್ಲಿ ಹರಡಿಕೊಳ್ಳುತ್ತವೆ. ಇಲ್ಲಿ ಹುಡುಕುವವನಿಗೆ ಹಣಕ್ಕಿಂತ ಬಿಡುವು ಹೆಚ್ಚಾಗಿ ಬೇಕು.

ನಿಜವಾಗಿ ಹಳೆಯದು ಯಾವುದು, ಹಳೆಯದರಂತೆ ವೇಷ ತೊಟ್ಟದ್ದು ಯಾವುದು ಎಂಬುದನ್ನು ಅರಿಯಲು ಕೆಲವು ಗುರುತುಗಳುಂಟು. ಕೈ ಮುಟ್ಟುವ ಕಡೆ ವಸ್ತು ಸವೆಯುತ್ತದೆ. ಗಿಂಡಿಯ ಕುತ್ತಿಗೆ, ಸೌಟಿನ ಹಿಡಿ, ಮಣೆಯ ಅಂಚು ನುಣುಪಾಗಿದ್ದು, ಯಾರೂ ಮುಟ್ಟದ ಅಡಿಭಾಗ ಒರಟಾಗಿಯೇ ಉಳಿದಿದ್ದರೆ ಅದು ಒಳ್ಳೆಯ ಸೂಚನೆ. ಎಲ್ಲ ಕಡೆಯೂ ಒಂದೇ ಸಮನೆ ಸವೆದಿದ್ದರೆ ಸಂಶಯಪಡಬೇಕು. ಲೋಹದ ಮೇಲೆ ವರ್ಷಗಳಿಂದ ಕಟ್ಟಿದ ಕಂದುಬಣ್ಣದ ಪೊರೆ ಕೆತ್ತನೆಯ ಸಂದುಗಳಲ್ಲಿ ದಟ್ಟವಾಗಿಯೂ ಉಬ್ಬಿನ ಮೇಲೆ ತೆಳುವಾಗಿಯೂ ಇರುತ್ತದೆ. ಹೊಸ ವಿಗ್ರಹವನ್ನು ಆಮ್ಲದಲ್ಲಿ ಅದ್ದಿ, ಮಣ್ಣಿನಲ್ಲಿ ಹೂತು ತೆಗೆದವರಿಗೆ ಈ ಹೆಚ್ಚುಕಡಮೆಯನ್ನು ತರುವುದು ಕಷ್ಟ. ಮರವು ಒಣಗಿದಂತೆ ಎಳೆಯ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಕುಗ್ಗುತ್ತದೆ. ಆದುದರಿಂದ ಚರಕಿಯಲ್ಲಿ ಕಡೆದ ಹಳೆಯ ಮರದ ಬಟ್ಟಲನ್ನು ಅಳೆದು ನೋಡಿದರೆ ಅದರ ಬಾಯಿ ಪೂರ್ಣ ವೃತ್ತವಾಗಿರುವುದಿಲ್ಲ.

ಹಳಮೆಯೊಂದೇ ಬೆಲೆಯನ್ನು ತಂದುಕೊಡದು. ತೂತಿನ ಕಾಸು ಹಳೆಯದೇ ಆದರೂ ಅಪಾರ ಸಂಖ್ಯೆಯಲ್ಲಿ ಉಳಿದಿರುವುದರಿಂದ ಅಗ್ಗವಾಗಿ ಸಿಕ್ಕುತ್ತದೆ. ಇದನ್ನರಿಯದವರ ಆಸೆಯನ್ನೇ ಬಂಡವಾಳ ಮಾಡಿಕೊಂಡ ಮೋಸಗಾರರೂ ಇದ್ದಾರೆ. ಅಕ್ಕಿಕಾಳನ್ನು ತನ್ನತ್ತ ಸೆಳೆಯುವ ತಾಮ್ರದ ಚೊಂಬಿಗೆ ವಿದೇಶದಲ್ಲಿ ಕೋಟಿಗಟ್ಟಲೆ ಬೆಲೆಯಿದೆಯೆಂದು ನಂಬಿಸಿ ಹಣ ದೋಚಿದ ಪ್ರಕರಣಗಳು ದಕ್ಷಿಣ ಭಾರತದಲ್ಲಿ ಮತ್ತೆ ಮತ್ತೆ ನಡೆದಿವೆ. ಚೊಂಬಿನಲ್ಲಿ ಅಡಗಿಸಿದ ಅಯಸ್ಕಾಂತ, ಅಕ್ಕಿಗೆ ಸವರಿದ ಕಬ್ಬಿಣದ ಪುಡಿ ಇಷ್ಟೇ ಅದರ ಮರ್ಮ.

ಹುಣಿಸೆಹಣ್ಣಿನ ವಿಷಯದಲ್ಲಿ ಅಜ್ಜಿಗೂ ಸಂಗ್ರಾಹಕನಿಗೂ ಒಮ್ಮತವಿಲ್ಲ. ಹುಣಿಸೆಯ ಆಮ್ಲ ಕಿಲುಬನ್ನು ಕರಗಿಸಿ ಹಿತ್ತಾಳೆಯನ್ನು ಬೆಳಗುತ್ತದೆ. ಅದರೊಡನೆ ವರ್ಷಗಳಿಂದ ಕಟ್ಟಿದ ಪೊರೆಯೂ ತೊಳೆದುಹೋಗುತ್ತದೆ. ಉಜ್ಜುವುದರಿಂದ ಕೆತ್ತನೆಯ ಗೆರೆಗಳೂ ಸವೆಯುತ್ತವೆ. ಸಂಗ್ರಾಹಕನಿಗೆ ಅದು ನಷ್ಟ. ಆದರೆ ದಿನವೂ ದೇವರ ಮುಂದೆ ಉರಿಯುವ ದೀಪವನ್ನು ಎಣ್ಣೆಯ ಜಿಡ್ಡಿನೊಡನೆ ಬಿಡಲು ಅಜ್ಜಿ ಒಪ್ಪಳು. ಬಳಕೆಯಲ್ಲಿರುವ ದೀಪದ ಮಟ್ಟಿಗೆ ಅಜ್ಜಿಯ ಪಕ್ಷವೇ ಸರಿ.

ಎಲ್ಲ ಹಳೆಯ ವಸ್ತುಗಳನ್ನೂ ಇಷ್ಟಬಂದಂತೆ ಮಾರುವಂತಿಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಮೆಯಿಲ್ಲದ ಶಿಲ್ಪ, ಚಿತ್ರ, ನಾಣ್ಯ, ಕರಕುಶಲ ವಸ್ತು ಮೊದಲಾದವು ಪುರಾತನ ವಸ್ತುಗಳೆನಿಸುತ್ತವೆ. ಶಾಸ್ತ್ರ, ಸಾಹಿತ್ಯ ಅಥವಾ ಚರಿತ್ರೆಯ ಮಹತ್ವವುಳ್ಳ ಹಸ್ತಪ್ರತಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಇವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಟ್ಟದ ಮೇಲಿನ ಓಲೆಗರಿಯ ಕಟ್ಟು ಬೇರೆಯವರ ಕೈಗೆ ಹೋಗುವ ಮೊದಲು ಅದರಲ್ಲಿ ಏನಿದೆಯೆಂದು ಬಲ್ಲವರಿಗೆ ತೋರಿಸುವುದು ಒಳ್ಳೆಯದು.

ಪಾತ್ರೆಗಳನ್ನಷ್ಟೇ ಅಲ್ಲ, ಇಡಿಯ ಮನೆಗಳನ್ನೇ ಉಳಿಸಿಕೊಂಡ ಉದಾಹರಣೆಯೊಂದು ಕರ್ನಾಟಕದಲ್ಲಿಯೇ ಇದೆ. ಮಣಿಪಾಲದಲ್ಲಿ ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು, ಅವಿಭಕ್ತ ಕುಟುಂಬಗಳು ಒಡೆದು ದೊಡ್ಡ ಮನೆಗಳು ನೆಲಸಮವಾಗುತ್ತಿದ್ದ ಕಾಲದಲ್ಲಿ, ಸೌದೆಯ ಬೆಲೆಗೆ ಹೋಗಲಿದ್ದ ಕೆತ್ತನೆಯ ಕಂಬ, ಬಾಗಿಲುಗಳನ್ನು ಕೊಂಡು ತರತೊಡಗಿದರು. ಮುಂದೆ ಮನೆಗಳನ್ನೇ ಬಿಚ್ಚಿ ತಂದು, ಮೊದಲಿದ್ದಂತೆ ನಿಲ್ಲಿಸುವ ಕಾರ್ಯ ನಡೆಯಿತು. 1816ರಲ್ಲಿ ಕಟ್ಟಿದ ಕುಂಜೂರಿನ ಚೌಕಿಮನೆಯೂ ಕುಕನೂರಿನ ಕಮಲ ಮಹಲೂ ಇಂದು ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ ಒಂದೇ ಆವರಣದಲ್ಲಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು.

ಸಂಗ್ರಹಾಲಯದ ಚೀಟಿಯಲ್ಲಿ ವಸ್ತುವಿನ ಹೆಸರು, ಲೋಹ, ಕಾಲಗಳಿರುತ್ತವೆ. ಅದನ್ನು ಹಿಡಿಯುವ ಬಗೆ ಅದರಲ್ಲಿರುವುದಿಲ್ಲ. ಆದುದರಿಂದಲೇ ಸಂತೆಗೆ ಹೋಗುವ ಮೊಮ್ಮಕ್ಕಳು ಅಜ್ಜಿಯನ್ನು ಜೊತೆಗೆ ಕರೆದೊಯ್ದರೆ ಅವರಿಗೆ ಲಾಭವುಂಟು. ಅಂಗಡಿಯವನು ಹಿತ್ತಾಳೆಯೆಂದೂ ಕಂಚೆಂದೂ ಒಂದೇ ರಾಶಿಯಲ್ಲಿ ಬಟ್ಟಲುಗಳನ್ನು ಸುರಿದಿರುತ್ತಾನೆ. ತಾಮ್ರಕ್ಕೆ ಸತುವು ಸೇರಿದರೆ ಹಿತ್ತಾಳೆ. ಸುಮಾರು 78 ಭಾಗ ತಾಮ್ರಕ್ಕೆ 22 ಭಾಗ ತವರ ಸೇರಿದರೆ ಗಂಟೆಗೂ ತಾಳಕ್ಕೂ ಒದಗುವ ಕಂಚು. ಕಣ್ಣಿಗೆ ಇವೆರಡೂ ಒಂದೇ ಬಗೆಯಾಗಿ ಕಾಣಬಹುದು. ಅಜ್ಜಿ ಒಂದು ಬಟ್ಟಲನ್ನು ಎತ್ತಿ, ಅಂಗೈಯ ಮೇಲೆ ಸಡಿಲವಾಗಿ ಇಟ್ಟುಕೊಂಡು, ಬೆರಳ ಗೆಣ್ಣಿನಿಂದ ಅಂಚಿಗೆ ಮೆಲ್ಲನೆ ತಟ್ಟುತ್ತಾಳೆ. ಹಿತ್ತಾಳೆಯ ದನಿ ಬೇಗನೆ ಅಡಗುತ್ತದೆ. ಸೀಳು ಬಿಟ್ಟ ಬಟ್ಟಲು ಬೊಕ್ಕಾಗಿ ನುಡಿಯುತ್ತದೆ. ಒಳ್ಳೆಯ ಕಂಚಿನ ನಾದ ಸಂತೆಯ ಗದ್ದಲದಲ್ಲಿಯೂ ಕೆಲವು ಗಳಿಗೆ ನಿಲ್ಲುತ್ತದೆ. ಆ ನಾದ ಅಡಗಿದ ಮೇಲೆ ಅಜ್ಜಿ ಬಟ್ಟಲನ್ನು ಮೊಮ್ಮಗಳ ಅಂಗೈಗೆ ಇಡುತ್ತಾಳೆ, ಈಗ ನೀನು ತಟ್ಟು ಎಂಬಂತೆ.